ಕಪ್ಪಿಗೆ ಏನಾಗಿದೆ ಅಂತ ಗೊತ್ತಾಗಿದ್ದು ರಾತ್ರಿ ಹತ್ತು ಗಂಟೆಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ನಮ್ಮ ಕೋಳಿಗಳು ಕಾಲಿಗೆ ಅಡ್ಡ ಬರುತ್ತವೆ. ಆ ದಿನ ಎಂಟು ಬಂದವು, ಒಂಬತ್ತನೆಯದು ಬರಲಿಲ್ಲ. ಬಗ್ಗಿ ನೋಡಿದರೆ ಕಪ್ಪಿ ಹಿಂದಿನ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು, ಕತ್ತು ಒಳಗೆಳೆದುಕೊಂಡು ತೂಕಡಿಸುತ್ತಿತ್ತು. ನುಚ್ಚು ಎರಚಿದೆ. ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

ನಮ್ಮದು ತಿಪಟೂರು ಕಡೆ ತೋಟದ ಮನೆ. ಈ ಕಡೆ ಕೋಳಿ ತೂಕಡಿಸಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಕೊಕ್ಕರೆ ರೋಗ. ಅತ್ತೆ ಹಿತ್ತಲಿಂದಲೇ, "ಸಾಯೋಕ್ ಮುಂಚೆ ಕೊಯ್ದು ಸಾರು ಮಾಡಿಬಿಡಮ್ಮ" ಅಂದರು. ಪಕ್ಕದ ಮನೆ ಅಜ್ಜ ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಗುಂಡು ಮಾಡಿ ನುಂಗಿಸು ಅಂದರು. ಹೋದ ವರ್ಷ ಹೀಗೇ ಒಂದು ಹ್ಯಾಟೆಗೆ ಎರಡು ದಿನದಲ್ಲಿ ನಾಲ್ಕು ಥರದ ಔಷಧಿ ಹಾಕಿದ್ದೆ. ಅದು ಸತ್ತಿದ್ದು ರೋಗಕ್ಕೋ ನನ್ನ ಔಷಧಿಗೋ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಈ ಸಲ ಮೊದಲು ಕೈಯಿಂದ ಮುಟ್ಟಿ ನೋಡೋದು, ಔಷಧಿ ಆಮೇಲೆ ಅಂತ ತೀರ್ಮಾನ ಮಾಡಿದೆ.

ಕೊಕ್ಕರೆ ರೋಗ ಅಂತ ನನಗೆ ಅನ್ನಿಸಲಿಲ್ಲ. ಅದು ಒಂದು ಕೋಳಿಗೆ ಬಂದು ಸುಮ್ನೆ ಕೂರುವ ರೋಗ ಅಲ್ಲ, ಗುಂಪನ್ನೇ ಹಿಡಿಯುತ್ತೆ. ಬಾಯಿ ತೆರೆದು ಏದುಸಿರು, ಹಸಿರು ಹಿಕ್ಕೆ, ಕತ್ತು ತಿರುಚಿಕೊಳ್ಳೋದು, ಕಾಲು ರೆಕ್ಕೆ ಸ್ವಾಧೀನ ತಪ್ಪೋದು. ಇದರಲ್ಲಿ ಯಾವುದೂ ಕಾಣಲಿಲ್ಲ. ಲಸಿಕೆಯೂ ಆಗಿತ್ತು, ಮರಿ ಇದ್ದಾಗ ಏಳನೇ ದಿನ ಕಣ್ಣಿಗೆ ಹನಿ, ಎರಡು ತಿಂಗಳಿಗೆ ರೆಕ್ಕೆ ಕೆಳಗೆ ಆರ್‌2ಬಿ ಅನ್ನೋ ಚುಚ್ಚುಮದ್ದು. ಆದರೂ ನಂಬಿ ಕೂರೋದು ಬೇಡ ಅಂತ ಅದನ್ನು ಜಗುಲಿಗೆ ತಂದು, ಹಳೇ ಪೇಪರ್ ಹಾಸಿ, ಮಂಕರಿ ಮುಚ್ಚಿದೆ. ಬೇರೆ ಇಟ್ಟರೆ ಇನ್ನೊಂದು ಲಾಭ ಇದೆ. ಎಷ್ಟು ತಿಂದಿದೆ, ಎಂಥ ಹಿಕ್ಕೆ ಹಾಕಿದೆ ಅಂತ ಸರಿಯಾಗಿ ಗೊತ್ತಾಗುತ್ತೆ.

ಆಮೇಲೆ ತೊಡೆ ಮೇಲೆ ಕೂರಿಸಿಕೊಂಡು ಕತ್ತಿನಿಂದ ಶುರು ಮಾಡಿದೆ. ಕತ್ತಿನ ಬುಡದಲ್ಲಿ, ಎದೆಯ ಬಲಗಡೆಗೆ ಮೇವಿನ ಚೀಲ ಇರುತ್ತಲ್ಲ, ಅದು ಸಂಜೆ ತುಂಬಿ ಬೆಳಿಗ್ಗೆ ಖಾಲಿಯಾಗಬೇಕು. ಬೆಳಿಗ್ಗೆಯೂ ಗಟ್ಟಿ ಗಂಟಿನಂತಿದ್ದರೆ ಹುಲ್ಲೋ ದಾರವೋ ಸಿಕ್ಕಿಕೊಂಡಿದೆ ಅಂತ. ಕಪ್ಪಿಯದು ಖಾಲಿ ಇತ್ತು. ಮೊಟ್ಟೆ ಸಿಕ್ಕಿಕೊಂಡ ಕೋಳಿ ಬಾಲ ಇಳಿಬಿಟ್ಟು ನಿಂತು ತಿಣುಕುತ್ತೆ. ಇದು ತಿಣುಕುತ್ತಿರಲಿಲ್ಲ, ಹೊಟ್ಟೆ ಮೆತ್ತಗಿತ್ತು. ಹಿಂಭಾಗದಲ್ಲಿ ಎರಡು ಚೂಪು ಮೂಳೆ ಸಿಗುತ್ತವೆ. ಮೊಟ್ಟೆ ಇಡುವ ಕೋಳಿಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತೆ. ಇಲ್ಲಿ ಒಂದೇ ಬೆರಳು. ಅಂದರೆ ಮೊಟ್ಟೆ ನಿಲ್ಲಿಸಿ ದಿನಗಳೇ ಆಗಿವೆ. ಕಪ್ಪಿಯ ಮೊಟ್ಟೆಯೂ ಬುಟ್ಟಿಯಲ್ಲಿದೆ ಅಂತ ನಾನು ಲೆಕ್ಕ ಹಾಕುತ್ತಲೇ ಇದ್ದೆ!

ಎದೆಮೂಳೆ ಮುಟ್ಟಿದಾಗ ಹೊಟ್ಟೆ ಚುರುಕ್ ಅಂತು. ಎರಡೂ ಕಡೆ ಮಾಂಸ ಇಳಿದು, ಮೂಳೆ ಈಳಿಗೆ ಮಣೆಯ ಅಲಗಿನ ಹಾಗೆ ಕೈಗೆ ಸಿಕ್ಕಿತು. ಇದು ನಿನ್ನೆ ಮೊನ್ನೆಯ ಕಾಯಿಲೆ ಅಲ್ಲ. ಪುಕ್ಕ ತುಂಬಿಕೊಂಡ ಕೋಳಿ ದೂರದಿಂದ ದಪ್ಪಗೇ ಕಾಣುತ್ತೆ, ಹಿಡಿದು ನೋಡದೆ ಗೊತ್ತೇ ಆಗಲ್ಲ. ಜುಟ್ಟು ಬಿಳಿಚಿಕೊಂಡಿತ್ತು. ಬಾಯಿ ತೆರೆಸಿ ನೋಡಿದರೆ ಒಳಗೂ ಬಿಳಿಚು. ರೆಕ್ಕೆ ಎತ್ತಿದೆ. ಬುಡದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪುನೀಲಿ ಚುಕ್ಕೆಗಳು ನಾಲ್ಕೈದು. ಹೊಸ ಪುಕ್ಕ ಮೂಡ್ತಿದೆ ಅಂದುಕೊಂಡು ರೆಕ್ಕೆ ಕೆಳಗಿಳಿಸಿದೆ. ನಾನು ಮಾಡಿದ ತಪ್ಪು ಅದೇ.

ರಕ್ತ ಕಮ್ಮಿ ಅಂದರೆ ಜಂತುಹುಳ ಅಂತ ನನ್ನ ಲೆಕ್ಕ. ಬಿಸಿ ಹಿಕ್ಕೆಯನ್ನು ಒಂದು ಡಬ್ಬಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಮೈಕ್ರೋಸ್ಕೋಪಿನಲ್ಲಿ ನೋಡಿ, "ಹುಳದ ಮೊಟ್ಟೆ ಒಂದೆರಡು ಇವೆ, ಆದರೆ ಕೋಳಿ ಇಷ್ಟು ಸೊರಗೋಕೆ ಇದು ಸಾಲದು" ಅಂದರು. ಔಷಧಿ ಕೊಡಲಿಲ್ಲ. ಆಗ ಬೇಜಾರಾಯಿತು, ನಿಜ ಹೇಳ್ತೀನಿ.

ಮಂಕರಿ ಕೆಳಗೆ ಐದು ರಾತ್ರಿ ಇತ್ತು. ರಾಗಿ ಮುದ್ದೆ ಚೂರು, ನೆನೆಸಿದ ಹುರುಳಿ, ನೀರು. ಬೇರೆ ಏನೂ ಕೊಡಲಿಲ್ಲ. ಮೂರನೇ ದಿನಕ್ಕೆ ಮುದ್ದೆಗೆ ಕೊಕ್ಕು ಹಾಕಿತು. ಐದನೇ ದಿನ ಮಂಕರಿಯೊಳಗೆ ಕೊಕ್ಕೊಕ್ಕೊ ಅಂತ ಗಲಾಟೆ. ಗೆದ್ದೆ ಅಂತ ಖುಷಿಯಾಗಿ ಗೂಡಿಗೆ ಬಿಟ್ಟೆ. ನಾಲ್ಕೇ ದಿನ. ಮತ್ತೆ ಅದೇ ಮೂಲೆ, ಅದೇ ತೂಕಡಿಕೆ.

ಅವತ್ತು ಮಧ್ಯಾಹ್ನ ಪಾತ್ರೆ ತಿಕ್ಕುವಾಗ ತಲೆಗೆ ಹೊಳೆಯಿತು. ಔಷಧಿ ಇಲ್ಲದೆ ಜಗುಲಿಯಲ್ಲಿ ಚೇತರಿಸಿಕೊಂಡಿದ್ದು ಗೂಡಿಗೆ ಹೋದ ತಕ್ಷಣ ಸೊರಗುತ್ತೆ ಅಂದರೆ ಕಾಯಿಲೆ ಕೋಳಿಯಲ್ಲಿಲ್ಲ, ಗೂಡಿನಲ್ಲಿದೆ. ಆಗಲೇ ಇನ್ನೊಂದು ನೆನಪಾಯಿತು. ಹದಿನೈದು ದಿನದಿಂದ ಮೂರು ಕೋಳಿಗಳು ಸಂಜೆ ಗೂಡಿಗೆ ಬರದೆ ಹಲಸಿನ ಮರ ಹತ್ತಿ ಕೂರುತ್ತಿದ್ದವು. ಕೊಬ್ಬು ಜಾಸ್ತಿ ಆಯ್ತು ಇವಕ್ಕೆ ಅಂತ ಬೈದು, ಕೋಲು ಹಿಡಿದು ಇಳಿಸಿ ಒಳಗೆ ತಳ್ಳಿದ್ದು ನಾನೇ.

ರಾತ್ರಿ ಹತ್ತಕ್ಕೆ ಟಾರ್ಚ್ ತಗೊಂಡು ಹೋದೆ. ಗೂಡಿನ ಹಿಂಗೋಡೆ ಹಳೇ ಮಣ್ಣುಗೋಡೆ, ಬಿರುಕು ಬಿಟ್ಟಿದೆ. ಬೆಳಕು ಬಿಟ್ಟಾಗ ಬಿರುಕೇ ಹರಿದಾಡಿದ ಹಾಗಾಯಿತು. ಚಪ್ಪಟೆ, ಬೂದುಗಂದು ಬಣ್ಣದ ಹುಳಗಳು, ಚರ್ಮ ಸುಕ್ಕು ಸುಕ್ಕು. ಇಕ್ಕಳದಿಂದ ಒಂದನ್ನು ಒತ್ತಿದೆ, ಕಪ್ಪು ರಕ್ತ ಬಂತು. ಅಡಿಕೆ ದಬ್ಬೆಯ ಕೂರುಗೋಲನ್ನು ತಿರುಗಿಸಿದರೆ ಸೀಳಿನಲ್ಲಿ ಸಾಲಾಗಿ ಅವೇ. ಆ ರಾತ್ರಿ ಸೀಮೆಎಣ್ಣೆ ಡಬ್ಬಿಗೆ ಎತ್ತಿ ಹಾಕಿದ್ದು 43. ಅಷ್ಟಕ್ಕೇ ಕೈ ಸೋತಿತು.

ಕೋಳಿ ಉಣ್ಣೆ. ಹಸುವಿನ ಉಣ್ಣೆ ದಿನಗಟ್ಟಲೆ ಮೈಗೆ ಕಚ್ಚಿಕೊಂಡೇ ಇರುತ್ತೆ, ನೋಡಿದರೆ ಸಿಗುತ್ತೆ. ಇದು ಹಾಗಲ್ಲ. ಹಗಲೆಲ್ಲ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರಿ, ಬೆಳಗಾಗೋ ಮೊದಲು ವಾಪಸ್. ಹಗಲು ಕೋಳಿಯನ್ನು ಎಷ್ಟು ತಡಕಿದರೂ ಸಿಗಲ್ಲ. ಮೈಮೇಲೆ ದಿನಗಟ್ಟಲೆ ಕಚ್ಚಿಕೊಂಡಿರೋದು ಇದರ ಮರಿ ಮಾತ್ರ. ನಾನು ಹೊಸ ಪುಕ್ಕ ಅಂದುಕೊಂಡಿದ್ದೆನಲ್ಲ, ಅವು ಮರಿಗಳೇ.

ಕಪ್ಪಿಗೇ ಯಾಕೆ ಇಷ್ಟು? ಗುಂಪಿನಲ್ಲಿ ಅದು ಎಲ್ಲಕ್ಕಿಂತ ಪಾಪದ್ದು. ಉಳಿದವು ಕುಕ್ಕಿ ಕುಕ್ಕಿ ಅದನ್ನು ಗೋಡೆ ಪಕ್ಕದ ಮೂಲೆಗೆ ತಳ್ಳಿದ್ದವು.

ಮಾರನೇ ದಿನ ಒಂದು ಡಬ್ಬಿಯಲ್ಲಿ ಉಣ್ಣೆ, ಚೀಲದಲ್ಲಿ ಕಪ್ಪಿ, ಮತ್ತೆ ಆಸ್ಪತ್ರೆಗೆ. ಡಾಕ್ಟ್ರು ನಕ್ಕು, "ಈಗ ಸರಿಯಾಗಿ ತಂದ್ರಿ ನೋಡಿ" ಅಂದರು. ಈ ಉಣ್ಣೆ ಕಚ್ಚಿ ಒಂದು ಥರದ ಜ್ವರವೂ ಬರುತ್ತಂತೆ. ಆಗ ಹಸಿರು ಹಿಕ್ಕೆ, ಕಾಲು ಬೀಳೋದು ಎಲ್ಲ ಇದ್ದು, ನೋಡಿದವರು ಕೊಕ್ಕರೆ ರೋಗ ಅಂತಲೇ ಮೋಸಹೋಗುತ್ತಾರೆ. ರೆಕ್ಕೆಯಿಂದ ಒಂದು ಹನಿ ರಕ್ತ ಗಾಜಿಗೆ ಸವರಿ ನೋಡಿದರು, ಅದೇನೂ ಇರಲಿಲ್ಲ. ಗೂಡಿಗೆ ಹೊಡೆಯೋಕೆ ಔಷಧಿ ಬರೆದುಕೊಟ್ಟು, ಕೋಳಿಗಳನ್ನು ಹೊರಗಿಟ್ಟೇ ಹೊಡೆಯಬೇಕು, ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಹೇಳಿದರು. ಸುಮ್ನೆ ಎರಡು ತಿಂಗಳು ಗೂಡು ಖಾಲಿ ಬಿಡಲಾ ಅಂತ ಕೇಳಿದೆ. "ಅದು ವರ್ಷಕ್ಕಿಂತ ಜಾಸ್ತಿ ಉಪವಾಸ ಇರುತ್ತೆ ಕಣಮ್ಮ, ನಿಮ್ಮ ಎರಡು ತಿಂಗಳು ಅದಕ್ಕೆ ಯಾವ ಲೆಕ್ಕ" ಅಂದರು.

ಯಜಮಾನರು ಎರಡು ದಿನ ತೋಟದ ಕೆಲಸ ಬಿಟ್ಟು ಗೋಡೆ ಕೆರೆದರು. ಹುಲ್ಲು, ದಬ್ಬೆ ಎಲ್ಲ ಸುಟ್ಟೆವು. ಬಿರುಕಿಗೆ ಕುದಿಯೋ ನೀರು, ಔಷಧಿ, ಆಮೇಲೆ ಸಿಮೆಂಟ್ ಗಾರೆ, ಮೇಲೆ ಸುಣ್ಣ. ಕೂರುಗೋಲಿಗೆ ಕಬ್ಬಿಣದ ಪೈಪು ತಂದು, ಗೋಡೆಗೆ ತಾಗದ ಹಾಗೆ ತಂತಿಯಲ್ಲಿ ನೇತುಹಾಕಿ, ತಂತಿಗೆ ಗ್ರೀಸ್ ಬಳಿದೆವು. ಉಣ್ಣೆ ಬಿರುಕಿನಲ್ಲೇ ಮೊಟ್ಟೆ ಇಡೋದರಿಂದ ಒಂದು ಸಲಕ್ಕೆ ಮುಗಿಯಲ್ಲ. ಒಂದು ತಿಂಗಳು ದಿನಾ ರಾತ್ರಿ ಟಾರ್ಚ್ ಹಿಡಿದು ಸುತ್ತಿದೆ. ಕೊನೆಯ ವಾರ ಒಂದೂ ಸಿಗಲಿಲ್ಲ.

ಇಷ್ಟೆಲ್ಲ ನಿಧಾನ ಮಾಡೋಕೆ ಆಗಿದ್ದು ಒಂದೇ ಕೋಳಿಗೆ ಹುಷಾರಿಲ್ಲದ್ದರಿಂದ. ಇದ್ದಕ್ಕಿದ್ದಂತೆ ನಾಲ್ಕಾರು ಸತ್ತು ಬಿದ್ದರೆ ನಾನು ಮುಟ್ಟಿ ನೋಡಲ್ಲ, ನೇರ ಪಶು ಆಸ್ಪತ್ರೆಗೆ ಫೋನು. ಹಕ್ಕಿಜ್ವರದ ಕಾಲ ಇದು.

ಕಪ್ಪಿಯ ಜುಟ್ಟು ಕೆಂಪಾಗೋಕೆ ಒಂದೂವರೆ ತಿಂಗಳು ಹಿಡಿಯಿತು. ಈಗ ವಾರಕ್ಕೆ ಮೂರು ಮೊಟ್ಟೆ ಇಡುತ್ತೆ. ಇಷ್ಟು ಖರ್ಚು ಮಾಡಿ ಸುಣ್ಣ ಬಳಿದ ಗೂಡಿಗೆ ಮಾತ್ರ ಒಂದೂ ತಾನಾಗಿ ಹೋಗಲ್ಲ. ದಿನಾ ಸಂಜೆ ಒಂಬತ್ತನ್ನೂ ಹಲಸಿನ ಮರದಿಂದ ಇಳಿಸಬೇಕು. ಈಗ ಬೈಯೋದು ಬಿಟ್ಟಿದ್ದೀನಿ. ಮೊದಲು ಟಾರ್ಚ್ ಹಾಕಿ ಗೋಡೆ ನೋಡಿ, ಆಮೇಲೆ ಒಂದೊಂದಾಗಿ ಒಳಗೆ ಬಿಡ್ತೀನಿ.