ಸೋಲಾರ್ ಆಮೇಲೆ, ಮೊದಲು ಸಂದು ಮುಚ್ಚಿ

ಸರ್ಕಾರವೋ ನಗರಸಭೆಯೋ ಸಹಕಾರ ಸಂಘವೋ ಕಡಿಮೆ ಬಾಡಿಗೆಗೆ ಕೊಡುವ ಹಳೇ ಮನೆಗಳನ್ನು ನೋಡಿ. ಎಷ್ಟೋ ಕಡೆ ಗೋಡೆ ತೆಳು, ತಾರಸಿಗೆ ಶಾಖ ತಡೆಯುವ ಹೊದಿಕೆಯಿಲ್ಲ, ಕಿಟಕಿ ಸಡಿಲ. ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ಹೊರಗಿನ ಬಿಸಿ ಒಳಗೆ ಬರುತ್ತದೆ. ಕೈಯಲ್ಲಿ ಕಾಸು ಕಡಿಮೆ ಇರುವವರೇ ದೊಡ್ಡ ಬಿಲ್ ಕಟ್ಟುತ್ತಾರೆ. ಇಲ್ಲವೇ ಬಿಲ್ಲಿಗೆ ಹೆದರಿ ನಡುಗುತ್ತಲೋ ಬೇಯುತ್ತಲೋ ದಿನ ಕಳೆಯುತ್ತಾರೆ. ಇದನ್ನು ಖಂಡಿತ ಸರಿಪಡಿಸಬಹುದು. ಆದರೆ ಕೆಲಸದ ಕ್ರಮ ತಪ್ಪಿದರೆ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕಟ್ಟಡದ ಉಸ್ತುವಾರಿ ನೋಡುವವರು, ನಿವಾಸಿಗಳ ಸಂಘದವರು ಈ ಕ್ರಮದಲ್ಲಿ ಹೋಗಿ.

ಮನೆಯೊಳಗೆ ಹೋಗಿ ಕೇಳಿ

ನಕ್ಷೆ ಬಿಡಿಸುವ ಮೊದಲು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಬೇಕು. ಯಾವ ಕೋಣೆಯಲ್ಲಿ ಮಕ್ಕಳು ಮಲಗುವುದಿಲ್ಲ? ಬೂಷ್ಟು ಎಲ್ಲಿ ಬರುತ್ತದೆ? ಕಳೆದ 12 ತಿಂಗಳ ಬಿಲ್ ಎಷ್ಟು? ಮೇಲಿನ ಮಹಡಿಯವರನ್ನು, ಮೂಲೆ ಮನೆಯವರನ್ನು ತಪ್ಪದೆ ಕೇಳಿ. ಬಿಸಿಲು, ಗಾಳಿ ಜಾಸ್ತಿ ತಾಗುವುದು ಅವರ ಮನೆಗೇ. ಇನ್ನೊಂದು ಮಾತು. ಬಿಲ್ ಕಡಿಮೆ ಬಂದ ಮನೆ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅಲ್ಲಿಯವರು ಹೀಟರ್ ಹಾಕದೆ ಕೂತಿರಬಹುದು.

ಹಾಗೇ ಒಂದು ಪರೀಕ್ಷೆ ಮಾಡಿ. ಗಾಳಿ ಬೀಸುವ ದಿನ ಬಾಗಿಲು, ಕಿಟಕಿ ಎಲ್ಲ ಹಾಕಿ. ಪರದೆ ಪಕ್ಕಕ್ಕೆ ಸರಿಸಿ, ಒಂದು ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟಿನ ಅಂಚಿನಲ್ಲಿ ನಿಧಾನವಾಗಿ ಆಡಿಸಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ತಟ್ಟನೆ ಪಕ್ಕಕ್ಕೆ ವಾಲಿದರೆ ಅಲ್ಲೊಂದು ಸಂದು ಇದೆ ಅಂತಲೇ ಲೆಕ್ಕ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಾಗಿಲ ಅಡಿ, ಸಿಂಕ್ ಕೆಳಗೆ ಪೈಪು ಗೋಡೆ ಸೇರುವ ಜಾಗ, ಸ್ವಿಚ್ ಬಾಕ್ಸ್, ಯಾವುದನ್ನೂ ಬಿಡಬೇಡಿ. ಒಂದು ಮನೆಗೆ ಅರ್ಧ ಗಂಟೆ ಸಾಕು, ಆ ಅರ್ಧ ಗಂಟೆಯಲ್ಲಿ ಮನೆ ತನ್ನ ಕಥೆಯನ್ನೆಲ್ಲ ಹೇಳುತ್ತದೆ. ತಜ್ಞರು ಇದನ್ನೇ ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, 50 ಪ್ಯಾಸ್ಕಲ್ ಒತ್ತಡದಲ್ಲಿ ಅಳೆಯುತ್ತಾರೆ.

ಸಂದು, ತಾರಸಿ, ಗೋಡೆ

ಮೊದಲ ಖರ್ಚು ಆ ಗುರುತುಗಳಿಗೇ ಆಗಲಿ. ರಬ್ಬರ್ ಪಟ್ಟಿ, ಸೀಲೆಂಟ್, ಬಾಗಿಲಡಿಯ ಬ್ರಷ್, ಎಲ್ಲವೂ ಅಗ್ಗದ ಸಾಮಾನು. ಇಂಗ್ಲೆಂಡಿನ ನಾರ್ವಿಚ್ ನಗರಸಭೆ ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ವಸತಿಯಲ್ಲಿ ಸುಮಾರು 100 ಮನೆಗಳಿವೆ. ಅಲ್ಲಿ ಟಪಾಲು ಹಾಕುವ ಕಿಂಡಿಯನ್ನು ಬಾಗಿಲಿನಲ್ಲಿ ಕೊರೆಯದೆ, ಟಪಾಲು ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟರು. ಕಿಂಡಿಯಿಂದ ಗಾಳಿ ನುಗ್ಗಬಾರದು ಅಂತ. ಇಂಥ ಸಣ್ಣ ಸಣ್ಣ ಎಚ್ಚರಗಳೂ ಸೇರಿ ಆ ಮನೆಗಳು ಪ್ಯಾಸಿವ್‌ಹೌಸ್ ಎಂಬ ಇಂಧನ ಉಳಿತಾಯದ ಮಟ್ಟ ಮುಟ್ಟಿದವು. ಆ ಮಟ್ಟದ ಮನೆ ಬೆಚ್ಚಗಿರಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಶಾಖ ಸಾಕು. 2019ರಲ್ಲಿ ಈ ವಸತಿಗೆ ಬ್ರಿಟನ್ನಿನಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಕಡಿಮೆ ಬಾಡಿಗೆಯ ಮನೆ ಅಂದರೆ ಕಳಪೆ ಮನೆ ಆಗಬೇಕಿಲ್ಲ, ಅಲ್ವಾ?

ಆಮೇಲೆ ತಾರಸಿ, ಕೊನೆಗೆ ಗೋಡೆ. ಸೆಕೆಯ ಊರಾದರೆ ತಾರಸಿಗೆ ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಯಿರಿ. ಕಿಟಕಿಗೆ ನೆರಳು ಹೊರಗಡೆಯಿಂದ ಸಿಗಬೇಕು. ಒಳಗಿನ ಪರದೆ ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

ಗೋಡೆಗೆ ಹೊರಗಿನಿಂದ ಹೊದಿಕೆ ಹಾಕುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಬೆಂಕಿ ಹತ್ತುವ ಸಾಮಾನು ಗೋಡೆಗೆ ಏರಬಾರದು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಇಂಥದ್ದೇ ಬಾಡಿಗೆ ಮನೆಗಳ 24 ಅಂತಸ್ತಿನ ಕಟ್ಟಡವಾಗಿತ್ತು. ನವೀಕರಣ ಮಾಡುವಾಗ ಒಳಗೆ ಪ್ಲಾಸ್ಟಿಕ್ ತುಂಬಿದ ಹಲಗೆಗಳನ್ನು ಅದರ ಹೊರಮೈಗೆ ಹೊದಿಸಿದ್ದರು. 2017ರ ಜೂನ್ 14ರಂದು ನಡುರಾತ್ರಿ ಕಳೆದ ಮೇಲೆ ಒಂದು ಮನೆಯಲ್ಲಿ ಹತ್ತಿದ ಬೆಂಕಿ ಆ ಹೊದಿಕೆಯ ಮೇಲೇರಿ ಇಡೀ ಕಟ್ಟಡಕ್ಕೆ ಹಬ್ಬಿತು. 72 ಜನ ಸತ್ತರು. ಗುತ್ತಿಗೆದಾರರು ಕೊನೇ ಗಳಿಗೆಯಲ್ಲಿ ಅಗ್ಗದ ಸಾಮಾನಿಗೆ ಬದಲಾಯಿಸೋಣ ಅಂದರೆ ಅದರ ಬೆಂಕಿ ಪರೀಕ್ಷೆಯ ಕಾಗದ ಕೇಳಿ. ತೋರಿಸದಿದ್ದರೆ ಕೆಲಸ ನಿಲ್ಲಿಸಿ.

ಗಾಳಿಗೆ ದಾರಿ ಬಿಡಿ

ಸಂದು ಮುಚ್ಚಿದ ಮನೆಯಲ್ಲಿ ತೇವ ಎಲ್ಲಿಗೆ ಹೋಗಬೇಕು? ಅಡುಗೆ, ಸ್ನಾನ, ಒಳಗೇ ಒಣಗುವ ಬಟ್ಟೆ, ನಮ್ಮ ಉಸಿರು, ಎಲ್ಲದರಿಂದಲೂ ಹಬೆ ಏಳುತ್ತದೆ. ಅದು ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಹೊರಗೋಡೆಗೆ ಅಂಟಿಸಿಟ್ಟ ಬೀರುವನ್ನು ಮುಂದೆ ಸರಿಸಿ ನೋಡಿ, ಹಿಂದೆ ಕಪ್ಪು ಚುಕ್ಕೆಗಳ ಬೂಷ್ಟು ಕಾಣಬಹುದು. ಮಕ್ಕಳ ಕೆಮ್ಮು, ದಮ್ಮು ಜಾಸ್ತಿಯಾಗಲು ಇದೂ ಒಂದು ಕಾರಣ. ನಿವಾಸಿಗಳಿಗೆ ‘ಕಿಟಕಿ ತೆಗೆದಿಡಿ’ ಅಂತ ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅಡುಗೆಮನೆಗೆ, ಬಚ್ಚಲಿಗೆ ಸದ್ದು ಮಾಡದ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಅದೂ ಸಂದು ಮುಚ್ಚುವ ಗುತ್ತಿಗೆಯಲ್ಲೇ ಸೇರಿರಲಿ. ‘ಮುಂದಿನ ವರ್ಷ ನೋಡೋಣ’ ಅಂದರೆ ಅದು ಆಗುವುದಿಲ್ಲ.

ದೀಪ, ಯಂತ್ರ, ಕೊನೆಗೆ ಸೋಲಾರ್

ಮೆಟ್ಟಿಲ ಬಳಿಯ ಒಂದೇ ಒಂದು ದೀಪದ ಲೆಕ್ಕ ನೋಡಿ. ಹಳೇ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವ್ಯಾಟ್. ಹಗಲೂ ರಾತ್ರಿ ಉರಿದರೆ ವರ್ಷಕ್ಕೆ 438 ಯೂನಿಟ್. 20 ವ್ಯಾಟಿನ ಎಲ್‌ಇಡಿ ಹಾಕಿದರೆ 175. ಜನ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ಕೂರಿಸಿ, ದಿನಕ್ಕೆ 6 ಗಂಟೆ ಉರಿದರೆ 44ಕ್ಕೂ ಕಡಿಮೆ.

ಹೀಟರ್, ಎಸಿಯಂಥ ಯಂತ್ರಗಳನ್ನು ಗೋಡೆ, ತಾರಸಿ ಕೆಲಸ ಮುಗಿದ ಮೇಲೇ ಕೊಳ್ಳಬೇಕು. ಆಗ ಚಿಕ್ಕದೇ ಸಾಕಾಗುತ್ತದೆ. ಹೊರಗಿನ ಶಾಖವನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡಬಲ್ಲದು, ಆದರೆ ಶಾಖ ಸೋರುವ ಮನೆಯಲ್ಲಿ ಅದೂ ಸೋಲುತ್ತದೆ. ಸೋಲಾರ್ ಎಲ್ಲಕ್ಕಿಂತ ಕೊನೆಗೆ. ಲಿಫ್ಟು, ನೀರಿನ ಪಂಪು, ಸಾಮಾನ್ಯ ದೀಪಗಳಿಂದ ಶುರು ಮಾಡಿದರೆ ಯಾವ ಮನೆಗೆ ಎಷ್ಟು ಕರೆಂಟ್ ಅನ್ನುವ ಪಾಲಿನ ಜಗಳ ಇರುವುದಿಲ್ಲ.

ಕೆಡವುವ ಮುಂಚೆ

ಹಳೇ ಕಟ್ಟಡ ಅಂದ ತಕ್ಷಣ ಕೆಡವುವ ಮಾತು ಬರುತ್ತದೆ. ಆದರೆ ಅದರ ಸಿಮೆಂಟು, ಕಬ್ಬಿಣಕ್ಕೆ ಸುಟ್ಟ ಇಂಧನ ವಾಪಸ್ ಬರುವುದಿಲ್ಲ, ಹೊಸದಕ್ಕೆ ಮತ್ತೆ ಅಷ್ಟೇ ಸುಡಬೇಕು. ಫ್ರಾನ್ಸಿನ ಬೋರ್ಡೋದಲ್ಲಿ 1960ರ ದಶಕದ ಮೂರು ಕಟ್ಟಡಗಳ 530 ಮನೆಗಳನ್ನು ಕೆಡವದೆ ಉಳಿಸಿಕೊಂಡರು. ಹೊರಗಡೆ ಗಾಜಿನ ಪಡಸಾಲೆಗಳನ್ನು ಜೋಡಿಸಿದರು. ಕೆಲಸ ನಡೆಯುವಾಗಲೂ ಜನ ಅವೇ ಮನೆಗಳಲ್ಲಿ ಇದ್ದರು.

ದುಡ್ಡಿನ ಮಾತು

ಖರ್ಚು ಮಾಲೀಕರದು, ಉಳಿತಾಯ ಬಾಡಿಗೆದಾರರದು. ಎಷ್ಟೋ ಕಡೆ ಕೆಲಸ ಶುರುವೇ ಆಗದಿರುವುದು ಇದರಿಂದ. ಬಾಡಿಗೆ ಏರಿಸಲೇಬೇಕಾದರೆ ಏರಿಕೆ ಬಿಲ್ಲಿನ ಉಳಿತಾಯಕ್ಕಿಂತ ಕಡಿಮೆ ಇರಬೇಕು. ಇದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.

ಕೆಲಸ ಮುಗಿದು ಒಂದು ವರ್ಷವಾದ ಮೇಲೆ ಹಳೇ ನೋಟ್‌ಬುಕ್ ತೆಗೆದುಕೊಂಡು ಮತ್ತೆ ಅದೇ ಮನೆಗಳಿಗೆ ಹೋಗಿ, ಬಿಲ್ ಹೋಲಿಸಿ. ಎಲ್ಲೋ ಒಂದು ಕಡೆ ಬಿಲ್ ಇಳಿದಿರುವುದಿಲ್ಲ. ಸುಮ್ನೆ ಕರೆಂಟ್ ಪೋಲು ಮಾಡಿದ್ದಾರೆ ಅನ್ನಬೇಡಿ, ಕೂತು ಕೇಳಿ. ಮೊದಲು ಬೀಗ ಹಾಕಿಟ್ಟಿದ್ದ ಕೋಣೆಯನ್ನು ಈಗ ಬೆಚ್ಚಗಿಟ್ಟು ಅಲ್ಲಿ ಮಕ್ಕಳನ್ನು ಮಲಗಿಸುತ್ತಿರಬಹುದು. ಅದನ್ನೂ ಲಾಭದ ಪಟ್ಟಿಯಲ್ಲೇ ಬರೆಯಿರಿ.