ಹಳೆಯ ಜೋಡು ನಳಿಗೆ ಬಂದೂಕು ಕೊಳ್ಳುವಾಗ

ಮೊದಲ ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಕ್ಕಿ ಬೇಟೆ ಅಪರಾಧ. ಕಲಬುರಗಿ, ಯಾದಗಿರಿ ಕಡೆ ತೊಗರಿ ಹೊಲದಲ್ಲಿ ಸದ್ದು ಮಾಡಿ ಪ್ರಾಣಿ ಬೆದರಿಸಲು, ಇಲ್ಲವೇ ಮಣ್ಣಿನ ಬಿಲ್ಲೆಗೆ ಗುರಿಯಿಡಲು ಲೈಸೆನ್ಸ್ ಇದ್ದವರಿಗೆ ಇದು.

ಒಂದೇ ಬಂದೂಕಿನಲ್ಲಿ ಎಲ್ಲ ಸಾಗಬೇಕೆಂದರೆ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ), 28 ಇಂಚಿನ ನಳಿಗೆ. ಒಂದು ನಳಿಗೆಯ ಬಾಯಿ ಸ್ವಲ್ಪ ಬಿಗಿ, ಇನ್ನೊಂದು ಸಡಿಲ ಇದ್ದರೆ ಒಳ್ಳೆಯದು. ಎರಡೂ ಫುಲ್ ಚೋಕ್, ಅಂದರೆ ಬಾಯಿ ಪೂರ್ತಿ ಬಿಗಿ, ಇದ್ದರೆ ಹತ್ತಿರದ ಗುರಿಗೆ ಚರೆ ಹರಡುವುದೇ ಇಲ್ಲ.

ಮಡಚಿ ತೆರೆದು, ತೋಟಾ ಇಲ್ಲವೆಂದು ಕಣ್ಣಾರೆ ನೋಡಿ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ: ಒಳಗೆ ಕಾಣುವ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂತಿರಬೇಕು. ಎಲ್ಲಾದರೂ ಕಪ್ಪು ನೆರಳಿನ ಬಳೆ ಕಂಡರೆ ಅಲ್ಲಿ ಉಬ್ಬಿದೆ, ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

ಮರೆಯುವುದು ತೋಟಾ ಕೂರುವ ಗೂಡಿನ ಅಳತೆ. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಅದು ಹೆಚ್ಚಾಗಿ 65 ಮಿ.ಮೀ., ಈಗಿನ ತೋಟಾ 70. ತೋಟಾ ಒಳಗೇನೋ ಕೂರುತ್ತದೆ, ಹಾರಿಸಿದಾಗ ಅದರ ಬಾಯಿಯ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಯ ಮುದ್ರೆ ಓದಿ, ಗೊತ್ತಾಗದಿದ್ದರೆ ಗನ್‌ಸ್ಮಿತ್‌ನಿಂದ ಅಳೆಸಿ.

ಕೊನೆಗೆ ನಳಿಗೆ ಮತ್ತೆ ಜೋಡಿಸಿ, ಮುಂಭಾಗದ ಮರ ಮಾತ್ರ ತೆಗೆದು, ಹಿಡಿಯಲ್ಲಿ ಹಿಡಿದು ಬಂದೂಕು ಅಲುಗಾಡಿಸಿ. ಟಕಟಕ ಅಂದರೆ ಕೀಲು ಸವೆದಿದೆ.