ನಾಲ್ವರನ್ನು ಕದಲಿಸದೆ ಆಡಿದ ಮೇಲೆ

2023ರ ಜುಲೈ ಮೊದಲ ವಾರ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಆಯ್ಕೆಗೆ ಅರವತ್ತು ಹುಡುಗರು ಬಂದು ನಿಂತರು. ಹಿಂದಿನ ವರ್ಷ ಇಪ್ಪತ್ತೈದು ಜನರನ್ನು ಕೂಡಿಸುವುದೇ ಕಷ್ಟವಾಗಿತ್ತು. ಆ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ರಾಜ್ಯಕ್ಕೆ ತಂದಿತ್ತು. ಮೊಬೈಲ್‌ನಲ್ಲಿ ಆ ಗೋಲುಗಳನ್ನು ಮತ್ತೆ ಮತ್ತೆ ನೋಡಿದ ಹುಡುಗರು ಅವರು. ಬೆಳಗಾವಿಯಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನನಗೆ ಅಷ್ಟು ಜನರನ್ನು ಕಂಡು ಎದೆ ತುಂಬಿ ಬಂದಿತ್ತು.

ನಮ್ಮ ಊರಿಗೆ ಫುಟ್‌ಬಾಲ್ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರು ಇದು. ಚೋರ್ಲಾ ಘಟ್ಟ ಇಳಿದರೆ ಗೋವಾ. ಕ್ಯಾಂಪ್ (ದಂಡು) ಪ್ರದೇಶದ ಮಕ್ಕಳು ಓಣಿಯಲ್ಲೇ ಚೆಂಡು ಒದೆಯುತ್ತ ಬೆಳೆಯುತ್ತಾರೆ. ಆದರೆ ಕಾಲೇಜು ತಂಡಕ್ಕೆ ಬರುವವರೆಲ್ಲ ಕ್ಯಾಂಪಿನವರಲ್ಲ. ಖಾನಾಪುರ ಕಡೆಯಿಂದ ಕಬಡ್ಡಿ ಆಡಿದ ಮೈಗಳು ಬರುತ್ತವೆ, ಗೋಕಾಕದಿಂದ ವಾಲಿಬಾಲ್ ಆಡಿದವರು ಬರುತ್ತಾರೆ, ಗರಡಿಯ ಕೆಮ್ಮಣ್ಣು ಮೆತ್ತಿಕೊಂಡು ಬೆಳೆದವರೂ ಒಬ್ಬಿಬ್ಬರು ಇರುತ್ತಾರೆ. ಬಲ, ಉಸಿರು, ಧೈರ್ಯ ಯಾವುದಕ್ಕೂ ಕೊರತೆಯಿಲ್ಲ. ಚೆಂಡು ಕಾಲಿಗೆ ಬಂದ ಕೂಡಲೇ ತಲೆ ಎತ್ತಿ ನೋಡುವ ಅಭ್ಯಾಸ ಮಾತ್ರ ಕ್ಯಾಂಪಿನ ಹುಡುಗರಿಗೆ ಇರುವಷ್ಟು ಉಳಿದವರಿಗೆ ಇರುವುದಿಲ್ಲ.

ಆ ವರ್ಷ ಒಟ್ಟು ಹನ್ನೊಂದು ಪಂದ್ಯ ಆಡಿದೆವು. ಮೊದಲನೆಯದನ್ನು 4-0ರಿಂದ ಗೆದ್ದೆವು. ಎರಡನೆಯದನ್ನು 1-4ರಿಂದ ಸೋತೆವು. ಆಮೇಲೆ 1-1ರ ಸಮ, 0-3ರ ಸೋಲು, 3-1ರ ಗೆಲುವು, 0-2ರ ಸೋಲು, 1-2ರ ಸೋಲು. ಒಂದು ವಾರ ಕಾಲೇಜಿನ ಗೇಟಿನ ಬಳಿ ಸಿಹಿ ಹಂಚುವವರು ಮುಂದಿನ ವಾರ ನನ್ನ ಕಣ್ಣು ತಪ್ಪಿಸಿ ನಡೆಯುತ್ತಿದ್ದರು. ಹೀಗೇಕೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಪ್ರತಿ ಸಲವೂ ಬೇರೆ ಬೇರೆ ಉತ್ತರವಿತ್ತು: ಮಳೆ, ರೆಫರಿ, ಕಿರು ಪರೀಕ್ಷೆ, ಒಬ್ಬನ ಜ್ವರ.

ಮಳೆಯ ಮಾತು ಪೂರ್ತಿ ಸುಳ್ಳಲ್ಲ. ಆ ಜುಲೈನಲ್ಲಿ ಬೆಳಗಾವಿಯಲ್ಲಿ ಸುರಿದ ಮಳೆಗೆ ಮೈದಾನದ ಎರಡೂ ಗೋಲಿನ ಮುಂದೆ ಮೊಣಕಾಲುದ್ದದ ರಾಡಿ. ಎರಡನೆಯ ಪಂದ್ಯದಲ್ಲಿ ನಾನು ಹಟ ಹಿಡಿದು ಗೋಲ್ ಕಿಕ್ ಅನ್ನು (ಎದುರಾಳಿ ಹೊಡೆದು ಗೋಲಿನ ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವ ಒದೆತ) ಸಮೀಪಕ್ಕೇ ಕೊಡಿಸಿದೆ. 2019ರಲ್ಲಿ ನಿಯಮ ಬದಲಾದ ಮೇಲೆ ಗೋಲ್ ಕಿಕ್‌ನ ಚೆಂಡು ಗೋಲಿನ ಮುಂದಿನ ದೊಡ್ಡ ಆಯತವಾದ ಪೆನಾಲ್ಟಿ ಆವರಣದಿಂದ ಹೊರಗೆ ಹೋಗಲೇಬೇಕೆಂದಿಲ್ಲ. ಒಳಗೇ ನಿಂತ ಬ್ಯಾಕ್‌ಗೆ, ಅಂದರೆ ಹಿಂದಿನ ಸಾಲಿನ ರಕ್ಷಕನಿಗೆ, ಕೊಟ್ಟು ಅಲ್ಲಿಂದ ಆಟ ಕಟ್ಟಬಹುದು. ಟಿವಿಯಲ್ಲಿ ನೋಡಲು ಎಷ್ಟು ಚೆಂದ! ನಮ್ಮ ರಾಡಿಯಲ್ಲಿ ಚೆಂಡು ಎರಡು ಗಜ ಉರುಳಿ ನಿಂತುಬಿಟ್ಟಿತು. ಎದುರಾಳಿ ಓಡಿ ಬಂದು ಹೊಡೆದ. ಅದೇ ತಪ್ಪಿಗೆ ಇನ್ನೊಂದು ಗೋಲನ್ನೂ ತೆತ್ತೆವು. ಐದನೇ ಅಳತೆಯ ಚೆಂಡು ಆಟ ಶುರುವಾಗುವಾಗ 410ರಿಂದ 450 ಗ್ರಾಂ ಇರಬೇಕೆಂದು ನಿಯಮ ಹೇಳುತ್ತದೆ. ಪಂದ್ಯ ಮುಗಿದ ಮೇಲೆ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಮ್ಮ ಅಗ್ಗದ ಚೆಂಡನ್ನು ತೂಗಿಸಿದೆ, ಐನೂರಕ್ಕಿಂತ ಮೇಲಿತ್ತು. ನೀರು ಕುಡಿದ ಚೆಂಡು ಕಾಲಿನಿಂದ ಏಳುವುದಿಲ್ಲ, ತಲೆಗೆ ಬಿದ್ದರೆ ಕಲ್ಲು ಬಿದ್ದಂತೆ. ರಾಡಿ ಯಾವಾಗಲೂ ಮೈದಾನದ ನಡುವೆ ಮತ್ತು ಗೋಲಿನ ಮುಂದೆ ಹೆಚ್ಚು. ಅಂಚಿನ ಗೆರೆಗಳ ಪಕ್ಕ ಹುಲ್ಲು ಉಳಿದಿರುತ್ತದೆ. ಮಳೆಗಾಲದಲ್ಲಿ ಅಂಚಿನಲ್ಲೇ ಆಡಬೇಕು, ಥ್ರೋ-ಇನ್ ಸಿಕ್ಕರೆ ಅದನ್ನೇ ಕಾರ್ನರ್‌ನಂತೆ ಬಳಸಬೇಕು. ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಎದುರಾಳಿಯ ರಕ್ಷಕರನ್ನು ದಾಟಿ ಮೊದಲೇ ಗೋಲಿನ ಬಳಿ ನಿಂತಿರುವ ತಪ್ಪು) ಇಲ್ಲ. ಗೋಕಾಕದ ವಾಲಿಬಾಲ್ ಹುಡುಗ ಚೆಂಡನ್ನು ಪೆನಾಲ್ಟಿ ಆವರಣದ ನಡುವಿನವರೆಗೆ ಎಸೆಯಬಲ್ಲ ಎಂಬುದು ಮೂರನೆಯ ಪಂದ್ಯದವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಆ 1-1ರಲ್ಲಿ ನಮ್ಮದು ಅವನ ಎಸೆತದಿಂದ ಬಂದ ಗೋಲು.

ಆಗಸ್ಟ್ ಬಂತು, ಮಳೆ ನಿಂತಿತು. ದೇಶಕ್ಕೇ ನೂರಿಪ್ಪತ್ತು ವರ್ಷಗಳಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ರೈತರ ಮನೆಯ ಹುಡುಗರು ಸಂಜೆ ಅಭ್ಯಾಸ ಬಿಟ್ಟು ಫೋನಿನಲ್ಲಿ ಊರಿನ ಸುದ್ದಿ ಕೇಳುತ್ತಿದ್ದರು. ಅವರ ಮುಖ ನೋಡಿ ನಾನು ಸೀಟಿ ಊದಲಾರದೆ ನಿಂತ ಸಂಜೆಗಳಿವೆ. ಮೂರೇ ವಾರದಲ್ಲಿ ಕೆಂಪು ನೆಲ ಹೆಂಚಿನಂತೆ ಗಟ್ಟಿಯಾಯಿತು. ಜುಲೈನಲ್ಲಿ ಉರುಳದ ಚೆಂಡು ಈಗ ಬ್ಯಾಕ್‌ಗಳ ತಲೆಯ ಮೇಲಿಂದ ಪುಟಿದು ಹೋಗತೊಡಗಿತು.

ಆದರೆ ಸೋಲಿನ ಕಾರಣ ನೆಲವಷ್ಟೇ ಆಗಿರಲಿಲ್ಲ. ಏಳನೆಯ ಪಂದ್ಯ ಸೋತ ರಾತ್ರಿ ಮನೆಯಲ್ಲಿ ಕೂತು ಪುಸ್ತಕ ತೆಗೆದೆ. ಕಣಕಾಲು ಉಳುಕಿ ಆಟದಿಂದ ಹೊರಗುಳಿದಿದ್ದ ಬಿ.ಕಾಂ. ಮೊದಲ ವರ್ಷದ ಹುಡುಗನಿಗೆ ಮೊದಲ ಪಂದ್ಯದಿಂದಲೂ ಒಂದು ನೋಟ್‌ಬುಕ್ ಕೊಟ್ಟು ಕೂರಿಸಿದ್ದೆ. ಯಾರು ಎಲ್ಲಿ ಆಡಿದರು, ಪೆನಾಲ್ಟಿ ಆವರಣದೊಳಗಿಂದ ನಾವು ಎಷ್ಟು ಸಲ ಹೊಡೆದೆವು, ಅವರು ಎಷ್ಟು ಸಲ ಹೊಡೆದರು, ಗೋಲು ಹೇಗೆ ಬಂತು, ಇಷ್ಟನ್ನೇ ಬರೆಯಬೇಕಿತ್ತು. ಬೇಸರ ಕಳೆಯಲಿ ಎಂದು ಕೊಟ್ಟ ಕೆಲಸ ಅದು. ಆ ಹುಡುಗ ಅದನ್ನು ಜಮಾಖರ್ಚಿನ ಪುಸ್ತಕದಷ್ಟೇ ಶಿಸ್ತಿನಿಂದ ತುಂಬಿದ್ದ. 4-0ರಿಂದ ಗೆದ್ದ ಪಂದ್ಯದಲ್ಲಿ ನಾವು ಆವರಣದೊಳಗಿಂದ ಹೊಡೆದದ್ದು ಆರು ಸಲ. 0-2ರಿಂದ ಸೋತ ಪಂದ್ಯದಲ್ಲಿ ಒಂಬತ್ತು ಸಲ. ಸೋತ ದಿನ ನಮ್ಮ ಮುಂದಿನ ಸಾಲು ಗೆದ್ದ ದಿನಕ್ಕಿಂತ ಚೆನ್ನಾಗಿ ಆಡಿತ್ತು. ಎರಡು ಕಂಬಕ್ಕೆ ಬಡಿದಿದ್ದವು, ಉಳಿದವನ್ನು ಅವರ ಕೀಪರ್ ಹಿಡಿದಿದ್ದ. ಮರುದಿನ ನಾನು ಏನು ಮಾಡಿದ್ದೆ? ಇಬ್ಬರು ಫಾರ್ವರ್ಡ್‌ಗಳನ್ನು ಕೂರಿಸಿ, ರೈಟ್ ಬ್ಯಾಕ್‌ನನ್ನು ಮುಂದಕ್ಕೆ ತಂದಿದ್ದೆ.

ಪುಟ ತಿರುಗಿಸಿದಂತೆ ನನ್ನದೇ ಕೈಬರಹ ಕಂಡಂತಾಯಿತು. ಏಳು ಪಂದ್ಯಗಳಲ್ಲಿ ಹಿಂದಿನ ಸಾಲಿನ ನಾಲ್ವರನ್ನು ಆರು ಬೇರೆ ಬೇರೆ ಜೋಡಣೆಗಳಲ್ಲಿ ಆಡಿಸಿದ್ದೆ. ಹನ್ನೊಂದು ಹುಡುಗರು ಅಲ್ಲಿ ಬಂದು ಹೋಗಿದ್ದರು. ಸೋತಾಗ ತಪ್ಪಿತಸ್ಥನನ್ನು ಹುಡುಕಿ ತೆಗೆದಿದ್ದೆ, ಗೆದ್ದಾಗ ಮೀಸಲು ಹುಡುಗರಿಗೆ ಅವಕಾಶ ಸಿಗಲಿ ಎಂದು ಬದಲಿಸಿದ್ದೆ. ಎರಡೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ತೊಂಬತ್ತು ನಿಮಿಷದ ದುಡಿಮೆಯನ್ನು ಒಂದು ಕಂಬ, ಒಂದು ಪುಟಿತ ತಿರುಗಿಸಿಬಿಡುತ್ತದೆ. ಆ ಅಂಕಿಯನ್ನು ನಂಬಿ ಪ್ರತಿ ವಾರ ತಂಡವನ್ನು ಬಿಚ್ಚಿ ಕಟ್ಟುತ್ತಿದ್ದವನು ನಾನು. ಹುಡುಗರ ಆಟ ಏರುಪೇರಾಗಿದೆ ಎಂದು ಪ್ರಾಂಶುಪಾಲರಿಗೆ ವಿವರಿಸುತ್ತಿದ್ದವನೂ ನಾನೇ.

ಏಳನೆಯ ಪಂದ್ಯದ ಎರಡನೆಯ ಗೋಲು ಹೇಗೆ ಬಂತೆಂದು ಹೇಳಬೇಕು. ಎತ್ತರದ ಚೆಂಡು ಬಂತು, ನಮ್ಮ ಕೀಪರ್ ಮುಂದೆ ಬಂದು ಉರ್ದುವಿನಲ್ಲಿ ‘ಛೋಡ್’, ಅಂದರೆ ಬಿಡು, ಎಂದ. ಹಿಂದಿನ ಸಾಲಿನ ನಡುವೆ ಆಡುವ ಬೈಲಹೊಂಗಲದ ಸ್ಟಾಪರ್‌ಗೆ ಆ ಗದ್ದಲದಲ್ಲಿ ಅದು ‘ಹೊಡಿ’ ಎಂದು ಕೇಳಿಸಿತು. ಅವನು ತಲೆ ಕೊಟ್ಟ. ಚೆಂಡು ಕೀಪರ್‌ನ ಕೈ ತಪ್ಪಿಸಿ ನಮ್ಮದೇ ಗೋಲಿನೊಳಗೆ ಹೋಯಿತು. ಇಬ್ಬರೂ ಒಟ್ಟಿಗೆ ಆಡಿದ್ದು ಅದು ಎರಡನೆಯ ಸಲ. ಬೆಳಗಾವಿಯ ತಂಡವೊಂದರಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಊಟದ ಹೊತ್ತಿಗೆ ಅದು ಸೊಗಸು. ಚೆಂಡು ಗಾಳಿಯಲ್ಲಿರುವಾಗ ಪ್ರತಿಯೊಬ್ಬನೂ ತನ್ನ ತಾಯಿನುಡಿಯಲ್ಲಿ ಕೂಗಿದರೆ ಗೋಲು ಬೀಳುತ್ತದೆ.

ಮರುದಿನ ಬೆಳಿಗ್ಗೆ ಹಿಂದಿನ ಸಾಲಿಗೆ ಆರಿಸಿದ ನಾಲ್ವರನ್ನೂ ಕೀಪರ್‌ನನ್ನೂ ಕರೆದು, ಋತು ಮುಗಿಯುವವರೆಗೆ ಇವರೇ ಎಂದು ಹೇಳಿದೆ. ಗಾಯವಾದರೆ ಮಾತ್ರ ಬದಲು. ಗೋಲು ಬಿಟ್ಟರೆ ಇಲ್ಲ. ಸ್ಟಾಪರ್ ಹುಡುಗ ಎರಡು ಸಲ ಕೇಳಿದ, ‘ನಾನೂನಾ ಸರ್?’ ಎಂದು. ಹೌದು, ಅವನೂ. ಆಮೇಲೆ ಐವರೂ ಕೂತು ಮೂರು ಪದ ಗೊತ್ತು ಮಾಡಿಕೊಂಡರು. ‘ಬಿಡು’ ಎಂದರೆ ಚೆಂಡು ಕೀಪರ್‌ನದು. ‘ಹಿಂದೆ’ ಎಂದರೆ ಬೆನ್ನಿಗೆ ಎದುರಾಳಿ ಇದ್ದಾನೆ. ‘ತಿರುಗು’ ಎಂದರೆ ಸಮಯವಿದೆ. ಕೊಂಕಣಿ ಮನೆಮಾತಿನ ಲೆಫ್ಟ್ ಬ್ಯಾಕ್ ‘ಹಿಂದೆ’ಯನ್ನು ತನ್ನದೇ ರಾಗದಲ್ಲಿ ಎಳೆಯುತ್ತಿದ್ದ, ಅದೂ ಒಂದು ಗುರುತಾಯಿತು. ಕೆಲವರು ಹೆಸರು ಹಿಡಿಯದೆ ‘ಬಿಡು’ ಎಂದು ಕೂಗಿದರೆ ಫೌಲ್ ಎಂದು ತಿಳಿದಿದ್ದರು. ನಿಯಮ ಹಾಗೆ ಹೇಳುವುದಿಲ್ಲ. ಎದುರಾಳಿಯನ್ನು ಮಾತಿನಿಂದ ದಾರಿ ತಪ್ಪಿಸಿದರೆ ಮಾತ್ರ ಪರೋಕ್ಷ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಒದೆತ) ಮತ್ತು ಹಳದಿ ಕಾರ್ಡ್.

ಪ್ರತಿದಿನ ಇಪ್ಪತ್ತು ನಿಮಿಷ ಅದೇ ಕೆಲಸ: ನಾನು ಎತ್ತರದ ಚೆಂಡು ಹಾಕುವುದು, ಅವರು ಕೂಗುವುದು. ಕೂಗದವನು ಚೆಂಡು ಮುಟ್ಟುವಂತಿಲ್ಲ. ನಾಲ್ವರ ನಡುವಿನ ಅಂತರ ಹಿಗ್ಗದಂತೆ ಹಗ್ಗ ಹಿಡಿಸಿ ಪಕ್ಕದಿಂದ ಪಕ್ಕಕ್ಕೆ ಓಡಿಸಿದೆ. ನೋಡುವವರಿಗೆ ಇದರಲ್ಲಿ ಏನೂ ರುಚಿಯಿಲ್ಲ.

ಅದರ ಜೊತೆಗೇ ಇನ್ನೊಂದು ಕೆಲಸ ಆಯಿತು. ಖಾನಾಪುರ ಕಡೆಯ ಮೂವರು ನಸುಕಿನ ಬಸ್ ಹಿಡಿದು ಖಾಲಿ ಹೊಟ್ಟೆಯಲ್ಲಿ ಅಭ್ಯಾಸಕ್ಕೆ ಬರುತ್ತಿದ್ದರೆಂದು ತಿಳಿದ ಮೇಲೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಶೇಂಗಾ ಉಂಡೆ ತರಿಸತೊಡಗಿದೆ. ಇದನ್ನು ಜುಲೈನಲ್ಲೇ ಕೇಳಬೇಕಿತ್ತು.

ಸೆಪ್ಟೆಂಬರ್‌ನ ಮೊದಲ ಪಂದ್ಯ 0-0. ಯಾರೂ ಸಿಹಿ ಹಂಚಲಿಲ್ಲ, ಆದರೆ ನನಗೆ ಆ ವರ್ಷದ ಅತ್ಯಂತ ಸಮಾಧಾನದ ದಿನ ಅದು. ಎದುರಾಳಿಗಳು ಆವರಣದೊಳಗಿಂದ ಹೊಡೆದದ್ದು ಎರಡೇ ಸಲ. ಮುಂದಿನದನ್ನು 1-0ರಿಂದ ಗೆದ್ದೆವು.

ಅಕ್ಟೋಬರ್‌ನಲ್ಲಿ ಅಂತರ ಕಾಲೇಜು ಪಂದ್ಯಾವಳಿಗೆ ವಿಜಯಪುರಕ್ಕೆ ಹೋದೆವು. ಬೆಳಗಾವಿಯ ತಂಪಿನಿಂದ ಇನ್ನೂರು ಕಿಲೋಮೀಟರ್ ದಾಟಿ ಬಸ್ಸಿನಿಂದ ಇಳಿದರೆ ಬಿಸಿಲು ಕಪಾಳಕ್ಕೆ ಹೊಡೆದಂತೆ. ಎರೆಮಣ್ಣಿನ ನೆಲ ಮಳೆಯಿಲ್ಲದೆ ಬಿರುಕು ಬಿಟ್ಟಿತ್ತು. ಬಿರುಕಿನ ಅಂಚಿಗೆ ಬಿದ್ದ ಚೆಂಡು ಯಾವ ಕಡೆ ಪುಟಿಯುತ್ತದೆಂದು ದೇವರಿಗೇ ಗೊತ್ತು. ಹಿಂದಿನ ದಿನ ಮಧ್ಯಾಹ್ನ ಹುಡುಗರನ್ನು ಗೋಳಗುಮ್ಮಟಕ್ಕೆ ಕರೆದೊಯ್ದೆ. ಮೇಲಿನ ಮೊಗಸಾಲೆಯಲ್ಲಿ ಕೀಪರ್ ‘ಬಿಡು’ ಎಂದ. ಅದು ಏಳು ಸಲ ಮರಳಿ ಬರುವಷ್ಟರಲ್ಲಿ ನಾಲ್ವರೂ ನಗುತ್ತ ಗೋಡೆಗೆ ಒರಗಿದ್ದರು.

ಅಲ್ಲಿ ಮೊದಲ ಪಂದ್ಯ 2-0. ಸೆಮಿಫೈನಲ್‌ನಲ್ಲಿ ಅರವತ್ತನೇ ನಿಮಿಷದವರೆಗೆ ಮುಂದಿದ್ದೆವು. ಆಮೇಲೆ ಕಾರ್ನರ್ ಒಂದರಿಂದ ಅವರು ಸಮ ಮಾಡಿದರು. ಬಿಸಿಲಿಗೆ ನಮ್ಮ ನಡುಸಾಲಿನ ಹಾಫ್‌ಗಳು ಸೋತುಹೋಗಿದ್ದರು, ಹಿಂದಿನ ಸಾಲು ಮಾತ್ರ ಒಡೆಯಲಿಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯ ಆಟಗಾರನೊಬ್ಬ ರೈಟ್ ಬ್ಯಾಕ್‌ನನ್ನು ತೆಗೆದು ದಾಳಿಗೆ ಒಬ್ಬನನ್ನು ಇಳಿಸಿ ಎಂದ. ಆಗಸ್ಟ್‌ನ ನಾನಾಗಿದ್ದರೆ ಇಳಿಸುತ್ತಿದ್ದೆ. 1-1ರಲ್ಲೇ ಆಟ ಮುಗಿದು ಪೆನಾಲ್ಟಿಗೆ ಹೋಯಿತು. 3-4ರಿಂದ ಸೋತೆವು.

ಮೊದಲ ಏಳು ಪಂದ್ಯಗಳಲ್ಲಿ ಹದಿಮೂರು ಗೋಲು ಬಿಟ್ಟವರು ಕೊನೆಯ ನಾಲ್ಕರಲ್ಲಿ, ಪೆನಾಲ್ಟಿಗಳನ್ನು ಬಿಟ್ಟರೆ, ಒಂದೇ ಗೋಲು ಬಿಟ್ಟಿದ್ದರು. ಇದೆಲ್ಲ ನಾಲ್ವರನ್ನು ಕದಲಿಸದಿದ್ದುದರಿಂದಲೇ ಎಂದು ಹೇಳಿದರೆ ಹೆಚ್ಚಾದೀತು. ನೆಲ ಒಣಗಿತ್ತು, ಹೊಟ್ಟೆ ತುಂಬಿತ್ತು, ಸೆಪ್ಟೆಂಬರ್‌ನ ಎದುರಾಳಿಗಳಲ್ಲಿ ಒಂದು ತಂಡ ತೀರ ಸಾಧಾರಣವಾಗಿತ್ತು. ಆದರೂ ಆ ಸ್ಟಾಪರ್ ಹುಡುಗ ಆಗಸ್ಟ್‌ನಲ್ಲಿ ಚೆಂಡು ಬಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ. ಅಕ್ಟೋಬರ್‌ನಲ್ಲಿ ಕೀಪರ್ ಕಡೆ ನೋಡುತ್ತಿದ್ದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೆನಾಲ್ಟಿಯನ್ನು ಆ ಋತುವಿನಲ್ಲಿ ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಮುಂದಿನ ಜುಲೈನಿಂದ ಪ್ರತಿ ಅಭ್ಯಾಸದ ಕೊನೆಗೆ, ಕಾಲುಗಳು ದಣಿದಿರುವಾಗಲೇ, ಒಬ್ಬೊಬ್ಬನಿಗೂ ಒಂದೊಂದು ಹೊಡೆತ ಇಟ್ಟುಕೊಂಡೆವು. ನೋಟ್‌ಬುಕ್‌ನಲ್ಲಿ ಅದಕ್ಕೊಂದು ಕಾಲಂ ಸೇರಿಸಿದ್ದೇವೆ.